ಬೆಳಕನ್ನು ಮೀರಿದ ಮೇಲೆ ದಾರಿ ಕೇಳುವುದು ಯಾರನ್ನು?

1977ರಲ್ಲಿ ತೆರೆಕಂಡ ಮೊದಲ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ಒಂದು ಪುಟ್ಟ ಜಗಳವಿದೆ. ಕಳ್ಳಸಾಗಣೆದಾರ ಹಾನ್ ಸೋಲೋನ ಹಳೇ ನೌಕೆ ಮರುಭೂಮಿ ಗ್ರಹವೊಂದರಿಂದ ಈಗಷ್ಟೇ ಮೇಲೆದ್ದಿದೆ. ಸಾಮ್ರಾಜ್ಯದ ಯುದ್ಧನೌಕೆಗಳು ಗುಂಡಿನ ಮಳೆ ಸುರಿಸುತ್ತಾ ಬೆನ್ನಟ್ಟಿವೆ. ಬೆಳಕನ್ನೂ ಹಿಂದೆ ಹಾಕುವ ಯಂತ್ರ ನೌಕೆಯಲ್ಲೇ ಇದೆ, ಆದರೂ ಸೋಲೋ ಅದನ್ನು ಚಾಲೂ ಮಾಡುತ್ತಿಲ್ಲ. ಹಳ್ಳಿ ಹುಡುಗ ಲ್ಯೂಕ್‌ಗೆ ತಾಳ್ಮೆ ಕೆಡುತ್ತದೆ, ಇನ್ನೂ ಯಾಕೆ ಹೊರಡುತ್ತಿಲ್ಲ ಎಂದು ರೇಗುತ್ತಾನೆ. ಸೋಲೋ ತಿರುಗಿ ಗದರುತ್ತಾನೆ: ಕಂಪ್ಯೂಟರ್ ಲೆಕ್ಕ ಮುಗಿಸದೆ ಹೊರಟರೆ ಯಾವುದಾದರೂ ನಕ್ಷತ್ರದೊಳಕ್ಕೇ ನುಗ್ಗುತ್ತೇವೆ, ಪ್ರಯಾಣ ಅಲ್ಲಿಗೇ ಮುಗಿಯುತ್ತದೆ.

ಸಿನಿಮಾದ ಮಟ್ಟಿಗೆ ಇದು ಅರ್ಧ ನಿಮಿಷದ ಉಪಾಯ. ಬೇಕೆಂದಾಗ ಮಾಯವಾಗುವ ನೌಕೆಯನ್ನು ಬೆನ್ನಟ್ಟುವ ದೃಶ್ಯಕ್ಕೆ ಕಾವೇ ಏರುವುದಿಲ್ಲ, ಅದಕ್ಕೆ ಲೆಕ್ಕದ ನೆಪದಲ್ಲಿ ಒಂದಷ್ಟು ಹೊತ್ತು ತಡೆದಿದ್ದಾರೆ. ಆದರೆ ಹೈಪರ್‌ಸ್ಪೇಸ್ ಪ್ರಯಾಣದ ಕಥೆಗಳಲ್ಲಿ ನಿಜಕ್ಕೂ ಗಟ್ಟಿಯಾದವೆಲ್ಲ ಹುಟ್ಟಿರುವುದು ಈ ತಡೆಯಿಂದಲೇ. ವೇಗ ಯಾವ ಲೇಖಕನಿಗೂ ಖರ್ಚಿನ ಬಾಬತ್ತಲ್ಲ, ಒಂದು ಯಂತ್ರದ ಹೆಸರು ಹೇಳಿದರೆ ಸಿಕ್ಕಿಬಿಡುತ್ತದೆ. ಎಲ್ಲಿ ಒಳಹೊಕ್ಕು ಎಲ್ಲಿ ಹೊರಬರುವುದು, ಅದನ್ನು ಲೆಕ್ಕ ಹಾಕುವವರು ಯಾರು, ಆ ಲೆಕ್ಕದ ಪುಸ್ತಕ ಯಾರ ಬೀರುವಿನಲ್ಲಿದೆ ಎಂಬಲ್ಲಿ ಮಾತ್ರ ಅವನ ಕೈಚಳಕ ಕಾಣುತ್ತದೆ.

ಮೊದಲು, ಇಂಥದೊಂದು ಕಲ್ಪನೆ ಯಾಕೆ ಬೇಕಾಯಿತು ಎನ್ನುವುದನ್ನು ನೋಡೋಣ. ಬೆಳಕು ಸೆಕೆಂಡಿಗೆ 2,99,792 ಕಿಲೋಮೀಟರ್ ಓಡುತ್ತದೆ. ಅಷ್ಟು ಓಡಿದರೂ ಸೂರ್ಯನನ್ನು ಬಿಟ್ಟರೆ ನಮಗೆ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ ತಲುಪಲು ಅದಕ್ಕೆ 4.24 ವರ್ಷ ಬೇಕು. ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುವ ವಾಯೇಜರ್-1ರಂಥ ನೌಕೆ ಅಷ್ಟೇ ದೂರ ಕ್ರಮಿಸಲು ಸುಮಾರು 75,000 ವರ್ಷ ತೆಗೆದುಕೊಳ್ಳುತ್ತದೆ. ಬೆಳಕಿನ ವೇಗವನ್ನು ಯಾವ ವಸ್ತುವೂ ಮುಟ್ಟಲಾಗದು ಎಂದು ಐನ್‌ಸ್ಟೈನ್ 1905ರಲ್ಲೇ ಹೇಳಿಬಿಟ್ಟಿದ್ದರಿಂದ ನಕ್ಷತ್ರದಿಂದ ನಕ್ಷತ್ರಕ್ಕೆ ವ್ಯಾಪಾರ, ಯುದ್ಧ, ಪ್ರೇಮ ಎಲ್ಲ ನಡೆಸಬೇಕಿದ್ದ ಕಥೆಗಾರರು ಇಕ್ಕಟ್ಟಿಗೆ ಸಿಕ್ಕಿದರು. ನಮ್ಮ ಅವಕಾಶದಲ್ಲಿ, ಅಂದರೆ ಸ್ಪೇಸಿನಲ್ಲಿ, ಬೆಳಕನ್ನು ಮೀರಲಾಗದಿದ್ದರೆ ಅವಕಾಶದಿಂದಲೇ ಹೊರಗೆ ಹೋಗಿ ಬೇರೆಡೆ ಮರಳಿದರಾಯಿತು ಎಂಬ ಉಪಾಯ ಆಗ ಹೊಳೆಯಿತು. ಹೊರಗಿನ ಆ ಜಾಗವೇ ಹೈಪರ್‌ಸ್ಪೇಸ್.

ಅದು ಹೇಗಿರುತ್ತದೆ ಎಂಬುದರಲ್ಲಿ ಒಮ್ಮತವಿಲ್ಲ. ಐಸಾಕ್ ಅಸಿಮೋವ್‌ನ ‘ಫೌಂಡೇಶನ್’ ಕಥೆಗಳಲ್ಲಿ ಅದೊಂದು ಕ್ಷಣದ ಜಿಗಿತ, ನಡುವೆ ಅನುಭವಿಸಲು ಏನೂ ಇಲ್ಲ. ‘ಸ್ಟಾರ್ ವಾರ್ಸ್’ನಲ್ಲಿ ಅದು ಗಂಟೆಗಟ್ಟಲೆ, ದಿನಗಟ್ಟಲೆ ಸಾಗುವ ಹಾದಿ, ಒಳಗೆ ಕುಳಿತು ಚದುರಂಗದಂಥ ಆಟ ಆಡಲೂ ಬಿಡುವಿದೆ. ರಾಬರ್ಟ್ ಹೈನ್‌ಲೈನ್ 1953ರ ‘ಸ್ಟಾರ್‌ಮನ್ ಜೋನ್ಸ್’ ಕಾದಂಬರಿಯಲ್ಲಿ ಹುಡುಗನೊಬ್ಬನ ಕೈಗೆ ಹುಡುಗಿಯ ಸ್ಕಾರ್ಫ್ ಕೊಟ್ಟು ಇದನ್ನು ವಿವರಿಸಿದ. ಬಿಡಿಸಿ ಹಾಸಿದ ಸ್ಕಾರ್ಫಿನ ಎರಡು ತುದಿಗಳು ಒಂದಕ್ಕೊಂದು ದೂರ, ಮುದುರಿ ಹಿಡಿದರೆ ಅವೇ ತುದಿಗಳು ಒಂದರ ಮೇಲೊಂದು ಬಂದು ತಾಗುತ್ತವೆ. ತಾಗಿದ ಆ ಚುಕ್ಕೆಯಲ್ಲಿ ಸರಿಯಾದ ದಿಕ್ಕು, ಸರಿಯಾದ ವೇಗ ಹಿಡಿದು ದಾಟಿದರೆ ನೂರಾರು ಜ್ಯೋತಿರ್ವರ್ಷ ಆಚೆ ಇರುತ್ತೀರಿ. ಕೂದಲೆಳೆಯಷ್ಟು ತಪ್ಪಿದರೂ ಸೇರುವುದು ಬೇರೆ ಮಡಿಕೆ. ಈ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗಿನ್ನೂ ಸಿಕ್ಕಿಲ್ಲ.

ಈಗ ಸೋಲೋನ ಕಂಪ್ಯೂಟರ್ ಅಷ್ಟು ಹೊತ್ತು ಮಾಡುತ್ತಿದ್ದುದಾದರೂ ಏನು? ನಿಜವಾದ ಖಗೋಳ ವಿಜ್ಞಾನದ ಅಂಕಿಗಳನ್ನೇ ಇಟ್ಟು ನೋಡೋಣ, ಅಲ್ಲಿಯೇ ಮಜಾ ಇರುವುದು.

ನಾವು ತಲುಪಬೇಕಾದ ನಕ್ಷತ್ರ 1,000 ಜ್ಯೋತಿರ್ವರ್ಷ ದೂರದಲ್ಲಿದೆ ಎಂದುಕೊಳ್ಳಿ. ದೂರದರ್ಶಕದಲ್ಲಿ ನಮಗೆ ಕಾಣುತ್ತಿರುವುದು ಅದರ 1,000 ವರ್ಷ ಹಿಂದಿನ ನೆಲೆ, ಬೆಳಕು ಅಲ್ಲಿಂದ ಹೊರಟದ್ದು ಆಗ. ನಕ್ಷತ್ರಗಳು ಸುಮ್ಮನೆ ನಿಂತಿರುವುದಿಲ್ಲ. ನಮಗೆ ಹೋಲಿಸಿದರೆ ಸೆಕೆಂಡಿಗೆ 20 ಕಿಲೋಮೀಟರ್ ಸರಿಯುವುದು ತೀರಾ ಮಾಮೂಲಿ ವೇಗ. ಆ ಲೆಕ್ಕದಲ್ಲಿ 1,000 ವರ್ಷದಲ್ಲಿ ಅದು ಸುಮಾರು 63,000 ಕೋಟಿ ಕಿಲೋಮೀಟರ್ ಆಚೆಗೆ ಹೋಗಿರುತ್ತದೆ. ಸೂರ್ಯನಿಂದ ಭೂಮಿಗಿರುವ ದೂರದ 4,200 ಪಟ್ಟು, ನೆಪ್ಚೂನ್‌ಗಿರುವ ದೂರದ 140 ಪಟ್ಟು. ಕಣ್ಣಿಗೆ ಕಂಡ ಜಾಗಕ್ಕೆ ಗುರಿಯಿಟ್ಟು ಜಿಗಿದವನಿಗೆ ಅಲ್ಲಿ ಸಿಗುವುದು ಬರೀ ಕತ್ತಲು. ಹಾಗಾಗಿ ನಕ್ಷತ್ರ ಆಗ ಎಲ್ಲಿತ್ತು ಎಂಬುದರಿಂದ ಈಗ ಎಲ್ಲಿರಬಹುದು ಎಂಬುದಕ್ಕೆ ಲೆಕ್ಕ ಎಳೆಯಬೇಕು. ಅದಕ್ಕೆ ನಕ್ಷತ್ರ ಯಾವ ಕಡೆಗೆ, ಎಷ್ಟು ಬೇಗ ಸರಿಯುತ್ತಿದೆ ಎಂಬುದು ಕರಾರುವಾಕ್ಕಾಗಿ ಗೊತ್ತಿರಬೇಕು.

ದಿಕ್ಕಿನ ತಪ್ಪು ಇನ್ನೊಂದು ಬಗೆಯದು. ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಸಿಗುವ ಒಂದು ಪಾಲಿಗೆ ಆರ್ಕ್‌ಸೆಕೆಂಡ್ ಎನ್ನುತ್ತಾರೆ. ಗುರಿ ಅಷ್ಟೇ ಅಷ್ಟು ಓರೆಯಾದರೂ 1,000 ಜ್ಯೋತಿರ್ವರ್ಷದ ಕೊನೆಯಲ್ಲಿ ಸುಮಾರು 4,600 ಕೋಟಿ ಕಿಲೋಮೀಟರ್ ಪಕ್ಕಕ್ಕೆ ಹೋಗಿ ಬೀಳುತ್ತೇವೆ, ಅಂದರೆ ನಮ್ಮ ಸೌರವ್ಯೂಹದ ಅಳತೆಯಲ್ಲಿ ನೆಪ್ಚೂನ್‌ನ ದೂರಕ್ಕೆ ಹತ್ತು ಪಟ್ಟು. ಅಲ್ಲಿಂದ ಮಾಮೂಲಿ ರಾಕೆಟ್ಟಿನಲ್ಲಿ ಗ್ರಹ ಸೇರಬೇಕೆಂದರೆ ವರ್ಷಗಟ್ಟಲೆ ಹಿಡಿಯುತ್ತದೆ.

ಸಿನಿಮಾಗಳು ಪೂರ್ತಿ ನುಂಗಿಹಾಕುವ ಸಂಗತಿ ಇನ್ನೊಂದಿದೆ: ವೇಗದ ಹೊಂದಾಣಿಕೆ. ಸೂರ್ಯ ತನ್ನ ಸಂಸಾರವನ್ನೆಲ್ಲ ಕಟ್ಟಿಕೊಂಡು ಆಕಾಶಗಂಗೆಯ ಕೇಂದ್ರವನ್ನು ಸೆಕೆಂಡಿಗೆ ಸುಮಾರು 230 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿದ್ದಾನೆ. ಕೇಂದ್ರದ ಆಚೆ ಬದಿಯಲ್ಲಿರುವ ನಕ್ಷತ್ರವೂ ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ ಸುತ್ತುತ್ತದೆ, ಆದರೆ ನಮಗೆ ಎದುರು ದಿಕ್ಕಿನಲ್ಲಿ. ಭೂಮಿಯ ಪಕ್ಕದಿಂದ ಹೊರಟು ಅಲ್ಲಿಗೆ ಜಿಗಿದ ನೌಕೆಗೆ ಹೊರಡುವಾಗಿದ್ದ ವೇಗ ಹಾಗೇ ಉಳಿದಿದ್ದರೆ, ಅದು ಇಳಿಯಬೇಕಾದ ಗ್ರಹ ಕಣ್ಣೆದುರೇ ಸೆಕೆಂಡಿಗೆ 460 ಕಿಲೋಮೀಟರ್ ವೇಗದಲ್ಲಿ ಹಾದುಹೋಗುತ್ತದೆ. ಬಂದೂಕಿನ ಗುಂಡು ಸೆಕೆಂಡಿಗೆ ಒಂದು ಕಿಲೋಮೀಟರ್ ಆಸುಪಾಸಿನದು. ತೆರೆಯ ಮೇಲೆ ಮಾತ್ರ ಎಲ್ಲ ನೌಕೆಗಳೂ ಗ್ರಹದ ಎದುರು ನಯವಾಗಿ ಪ್ರತ್ಯಕ್ಷವಾಗುತ್ತವೆ.

ಇನ್ನು ಸೋಲೋ ಹೆದರಿಸಿದ ಅಪಾಯ. ನಿಜ ಹೇಳಬೇಕೆಂದರೆ ಕಣ್ಣುಮುಚ್ಚಿ ಜಿಗಿದರೂ ನಕ್ಷತ್ರಕ್ಕೆ ಡಿಕ್ಕಿ ಹೊಡೆಯುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್, ಪಕ್ಕದ ನಕ್ಷತ್ರಕ್ಕಿರುವ ಅಂತರ 40 ಲಕ್ಷ ಕೋಟಿ ಕಿಲೋಮೀಟರ್. ಇಂಥ ಖಾಲಿಯಲ್ಲಿ ಏನನ್ನಾದರೂ ಹೊಡೆಯಬೇಕೆಂದರೆ ಗುರಿಯಿಟ್ಟೇ ಹೊಡೆಯಬೇಕು! ಕಥೆಗಾರರಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಆದ್ದರಿಂದ ಬಹುತೇಕರು ಗುರುತ್ವದ ನಿಯಮವೊಂದನ್ನು ತಂದರು: ದೊಡ್ಡ ಕಾಯದ ಹತ್ತಿರ ಹೈಪರ್‌ಸ್ಪೇಸ್ ಕೆಡುತ್ತದೆ, ಅಲ್ಲಿ ಒಳಹೋಗಲೂ ಆಗದು, ಹಾದುಹೋಗಲೂ ಆಗದು. ‘ಸ್ಟಾರ್ ವಾರ್ಸ್’ ಲೋಕದಲ್ಲಿ ನಕ್ಷತ್ರ, ಗ್ರಹಗಳ ನೆರಳು ಹೈಪರ್‌ಸ್ಪೇಸಿನೊಳಗೂ ಬೀಳುತ್ತದೆ. ಈ ನಿಯಮ ಇಟ್ಟುಕೊಂಡೇ ಸಾಮ್ರಾಜ್ಯದವರು ಕೃತಕವಾಗಿ ಗುರುತ್ವದ ನೆರಳು ಹರಡುವ ನೌಕೆ ಕಟ್ಟಿದರು. ಟಿಮೊಥಿ ಜಾನ್ 1991ರ ‘ಏರ್ ಟು ದಿ ಎಂಪೈರ್’ ಕಾದಂಬರಿಯಲ್ಲಿ ಅದನ್ನು ಬಲೆಯಾಗಿ ಬಳಸುತ್ತಾನೆ. ಓಡಿಹೋಗುವ ನೌಕೆ ಆ ನೆರಳಿಗೆ ಸಿಕ್ಕಿ ಹೈಪರ್‌ಸ್ಪೇಸಿನಿಂದ ಹೊರಗೆ ಬಿದ್ದುಬಿಡುತ್ತದೆ.

ಸೋಲೋ ಕೊಚ್ಚಿಕೊಳ್ಳುವ ಕೆಸೆಲ್ ಓಟವೂ ಇದೇ ನಿಯಮದಿಂದ ಬಚಾವಾಯಿತು. ಹನ್ನೆರಡು ಪಾರ್ಸೆಕ್‌ಗಿಂತ ಕಡಿಮೆಯಲ್ಲಿ ಓಟ ಮುಗಿಸಿದೆ ಎಂದು ಅವನು ಎದೆ ತಟ್ಟಿಕೊಂಡಾಗ ಖಗೋಳ ಬಲ್ಲವರು ನಕ್ಕಿದ್ದರು. ಪಾರ್ಸೆಕ್ ಕಾಲದ ಅಳತೆಯಲ್ಲ, 3.26 ಜ್ಯೋತಿರ್ವರ್ಷದ ದೂರ. ನಂತರ ಬಂದವರು ತೇಪೆ ಹಾಕಿದರು, 2018ರ ‘ಸೋಲೋ’ ಚಿತ್ರ ಅದನ್ನು ಕಣ್ಣಿಗೇ ಕಾಣಿಸಿತು. ಅಪಾಯದ ಗುರುತ್ವ ಸುಳಿಗಳನ್ನು ಬಳಸಿ ಹೋಗಬೇಕಾದ ಉದ್ದದ ದಾರಿಯನ್ನು ಬಿಟ್ಟು ಅವನು ಸುಳಿಯ ಅಂಚಿನಲ್ಲೇ ಒಳದಾರಿ ಹಿಡಿದ, ದೂರವೇ ಕಡಿಮೆಯಾಯಿತು. ತೇಪೆ ತೇಪೆಯೇ. ಆದರೂ ಓಟಗಾರನ ಹೆಮ್ಮೆ ವೇಗದಿಂದ ದಾರಿಯ ಕಡೆಗೆ ಹೊರಳಿದ್ದರಿಂದ ಅವನು ಇನ್ನಷ್ಟು ಒಳ್ಳೆಯ ನಾವಿಕನಾದ ಎಂದು ನನ್ನ ಅಭಿಪ್ರಾಯ.

ಈ ಲೆಕ್ಕ ಮಾಡುವವರು ಯಾರು ಎಂಬ ಪ್ರಶ್ನೆಗೆ ಬಂದರೆ ಒಬ್ಬೊಬ್ಬ ಲೇಖಕನ ಕಾಲವೂ ಬಯಲಾಗುತ್ತದೆ.

ಹೈನ್‌ಲೈನ್‌ನ ಕಾದಂಬರಿಗೇ ಮರಳಿದರೆ, ಅವನ ಅಂತರತಾರಾ ನೌಕೆಯಲ್ಲಿ ಕಂಪ್ಯೂಟರ್ ಏನೋ ಇದೆ, ಆದರೆ ಅದಕ್ಕೆ ಅಂಕಿಗಳನ್ನು ಮನುಷ್ಯರೇ ಉಣಿಸಬೇಕು. ನಾವಿಕ ನಕ್ಷತ್ರಗಳ ನೆಲೆ ಅಳೆಯುತ್ತಾನೆ, ಕೋಷ್ಟಕಗಳ ದಪ್ಪ ಪುಸ್ತಕ ತಿರುವುತ್ತಾನೆ. ಇನ್ನೊಬ್ಬ ಹತ್ತರ ಮಾನದ ಅಂಕಿಗಳನ್ನು ಪುಸ್ತಕ ನೋಡಿಕೊಂಡು ಯಂತ್ರಕ್ಕೆ ತಿಳಿಯುವ ಎರಡರ ಮಾನಕ್ಕೆ ಬದಲಿಸಿ ಸ್ವಿಚ್ಚುಗಳಲ್ಲಿ ಒತ್ತುತ್ತಾನೆ. ಜಿಗಿತದ ಘಳಿಗೆ ಹತ್ತಿರವಾದಂತೆ ಅಂಕಿಗಳನ್ನು ಕೂಗಿ ಹೇಳುವವನ ದನಿಯೂ ಏರುತ್ತದೆ. ಇವತ್ತು ಓದಿದರೆ ನಗು ಬರುತ್ತದೆ, ಕಿಸೆಯಲ್ಲಿರುವ ಫೋನು ಆ ಕೆಲಸವನ್ನೆಲ್ಲ ರೆಪ್ಪೆ ಬಡಿಯುವುದರೊಳಗೆ ಮುಗಿಸೀತು. ಆದರೆ 1953ರ ಓದುಗನಿಗೆ ಅದು ಯುದ್ಧಕಾಲದ ಹಡಗುಗಳಲ್ಲಿ, ಬಾಂಬರ್ ವಿಮಾನಗಳಲ್ಲಿ ಕೋಷ್ಟಕ ಹಿಡಿದು ಕೂತ ನ್ಯಾವಿಗೇಟರುಗಳ ಬೆವರು. ಹೈನ್‌ಲೈನ್ ಸ್ವತಃ ಅಮೆರಿಕದ ನೌಕಾಪಡೆಯಲ್ಲಿ ಅಧಿಕಾರಿಯಾಗಿದ್ದವನು.

ಆ ಕೋಷ್ಟಕಗಳು ಒಂದು ಸಂಘದ ಗುಟ್ಟು. ಸಂಘಕ್ಕೆ ಸೇರಲು ಒಳಗಿನವರೇ ಹೆಸರು ಸೂಚಿಸಬೇಕು, ವಿದ್ಯೆ ಮನೆತನದೊಳಗೇ ಇಳಿಯುತ್ತದೆ. ಕಥಾನಾಯಕ ಮ್ಯಾಕ್ಸ್ ಬಡ ರೈತನ ಮಗ, ಅವನ ಚಿಕ್ಕಪ್ಪ ಸಂಘದ ನಾವಿಕ. ಒಮ್ಮೆ ನೋಡಿದ್ದು ಮರೆಯದ ತಲೆ ಮ್ಯಾಕ್ಸ್‌ನದು, ಚಿಕ್ಕಪ್ಪನ ಪುಸ್ತಕಗಳ ಪುಟಗಳೆಲ್ಲ ಅವನಿಗೆ ಬಾಯಿಪಾಠ. ಸುಳ್ಳು ಕಾಗದಪತ್ರ ಹಿಡಿದು ಅವನು ನೌಕೆಯೊಂದರಲ್ಲಿ ಕೆಳದರ್ಜೆಯ ಕೆಲಸಕ್ಕೆ ಸೇರುತ್ತಾನೆ. ಲೆಕ್ಕ ತಪ್ಪಿ ನೌಕೆ ಯಾರೂ ಕಾಣದ ಆಕಾಶಕ್ಕೆ ಹೋಗಿ ಬೀಳುತ್ತದೆ, ಪುಸ್ತಕಗಳೂ ಕಾಣೆಯಾಗುತ್ತವೆ. ಕೊನೆಗೆ ಆ ಹುಡುಗ ನೆನಪಿನಿಂದಲೇ ಅಂಕಿಗಳನ್ನು ಒಪ್ಪಿಸುತ್ತಾ ಎಲ್ಲರನ್ನೂ ಊರಿಗೆ ತರುತ್ತಾನೆ. ಯಂತ್ರದ ವಿವರ ಹಳತಾಗಿದೆ. ಜ್ಞಾನವನ್ನು ಬೀಗ ಹಾಕಿಟ್ಟ ಗುಂಪಿನೊಳಗೆ ಹೊರಗಿನ ಹುಡುಗ ನುಗ್ಗಿದ ಕಥೆಗೆ ಇನ್ನೂ ವಯಸ್ಸಾಗಿಲ್ಲ.

ಅಸಿಮೋವ್ ಈ ಕೆಲಸವನ್ನು ಬೇಗನೇ ಯಂತ್ರಕ್ಕೆ ವಹಿಸಿದ, ಆದರೆ ಅವನ ಯಂತ್ರಗಳಿಗೂ ಮನಸ್ಸಿದೆ. 1945ರ ಅವನ ಕಥೆಯೊಂದರಲ್ಲಿ ‘ಬ್ರೇನ್’ ಎಂಬ ಮಹಾಯಂತ್ರಕ್ಕೆ ಹೈಪರ್‌ಸ್ಪೇಸ್ ನೌಕೆ ಕಟ್ಟಲು ಹೇಳುತ್ತಾರೆ. ಲೆಕ್ಕದಲ್ಲಿ ಒಂದು ತೊಡಕು: ಜಿಗಿತದ ನಡುವೆ ಪ್ರಯಾಣಿಕರು ಕ್ಷಣಕಾಲ ಸತ್ತು ಮತ್ತೆ ಬದುಕುತ್ತಾರೆ. ಮನುಷ್ಯರಿಗೆ ಕೇಡಾಗಬಾರದು ಎಂಬ ಕಟ್ಟಳೆಗೆ ಒಳಪಟ್ಟ ಯಂತ್ರಕ್ಕೆ ಇದು ಸಹಿಸಲಾಗದ ಸಂಕಟ. ಬುದ್ಧಿ ಕೆಡದಿರಲೆಂದು ಅದು ಕುಚೇಷ್ಟೆಗೆ ಇಳಿಯುತ್ತದೆ. ಅದು ಕಟ್ಟಿದ ನೌಕೆಯಲ್ಲಿ ಚುಕ್ಕಾಣಿಯೇ ಇಲ್ಲ, ತಿನ್ನಲು ಹುರುಳಿಕಾಯಿ ಬೀಜ ಮತ್ತು ಹಾಲು ಬಿಟ್ಟರೆ ಬೇರೇನೂ ಇಲ್ಲ! ಒಳಗೆ ಸಿಕ್ಕಿಬಿದ್ದ ಇಬ್ಬರು ಇಂಜಿನಿಯರುಗಳ ಪಾಡು ಓದಿಯೇ ತಿಳಿಯಬೇಕು. 1982ರ ‘ಫೌಂಡೇಶನ್ಸ್ ಎಡ್ಜ್’ ಹೊತ್ತಿಗೆ ಅವನ ನಾವಿಕ ಮೇಜಿನ ಮೇಲೆ ಅಂಗೈ ಇಟ್ಟರೆ ಸಾಕು, ಕಂಪ್ಯೂಟರ್ ಅವನ ಯೋಚನೆಯನ್ನೇ ಓದಿ ಸಾಲು ಸಾಲು ಜಿಗಿತಗಳನ್ನು ತಾನೇ ಮಾಡಿ ಮುಗಿಸುತ್ತದೆ. ಬಹಳ ಸಲೀಸು. ಅಷ್ಟು ಸಲೀಸಾದದ್ದರಿಂದಲೇ ಇರಬೇಕು, ಆ ಪುಸ್ತಕದಲ್ಲಿ ಪ್ರಯಾಣದ ಭಾಗ ನನಗೆ ಸಪ್ಪೆ ಅನಿಸಿತು.

ಫ್ರಾಂಕ್ ಹರ್ಬರ್ಟ್ ಪೂರ್ತಿ ಬೇರೆ ದಾರಿ ತುಳಿದ. 1965ರ ‘ಡ್ಯೂನ್’ ಲೋಕದಲ್ಲಿ ಯೋಚಿಸುವ ಯಂತ್ರಗಳನ್ನು ಸಾವಿರಾರು ವರ್ಷಗಳ ಹಿಂದೆಯೇ ಧರ್ಮಯುದ್ಧ ಮಾಡಿ ಅಳಿಸಿಹಾಕಿದ್ದಾರೆ. ಹಾಗಾದರೆ ಲೆಕ್ಕ? ಲೆಕ್ಕವನ್ನೇ ಕೈಬಿಟ್ಟು ಮುಂದಾಗುವುದನ್ನು ನೋಡುತ್ತಾರೆ. ಗಿಲ್ಡ್ ಎಂಬ ಸಂಘದ ನಾವಿಕರು ‘ಸ್ಪೈಸ್’ ಎಂಬ ದ್ರವ್ಯ ಸೇವಿಸಿ ಅದರ ಅಮಲಿನಲ್ಲಿ ಭವಿಷ್ಯದೊಳಗೆ ಇಣುಕುತ್ತಾರೆ. ಎದುರಿರುವ ಹಾದಿಗಳಲ್ಲಿ ನೌಕೆ ಸುರಕ್ಷಿತವಾಗಿ ತಲುಪಿದ ಹಾದಿ ಯಾವುದೋ ಅದನ್ನು ಆರಿಸುತ್ತಾರೆ. ಸ್ಪೈಸ್ ಸಿಗುವುದು ಇಡೀ ವಿಶ್ವದಲ್ಲಿ ಅರಾಕಿಸ್ ಎಂಬ ಒಂದೇ ಮರಳುಗ್ರಹದಲ್ಲಿ. ಸಾಮ್ರಾಜ್ಯದ ಸಾಗಣೆಯೆಲ್ಲ ಗಿಲ್ಡಿನ ಮುಷ್ಟಿಯಲ್ಲಿ, ಗಿಲ್ಡ್ ಸ್ಪೈಸಿನ ಮುಷ್ಟಿಯಲ್ಲಿ. ಸಾವಿರಾರು ಗ್ರಹಗಳ ರಾಜಕೀಯವನ್ನು ಒಂದು ಮರಳುಗಾಡಿಗೆ ತಂದು ಕಟ್ಟಿಹಾಕಿದ ಈ ಗಂಟು ನ್ಯಾವಿಗೇಶನ್‌ನದು ಎಂಬುದನ್ನು ಎಷ್ಟೋ ಓದುಗರು ಗಮನಿಸುವುದೇ ಇಲ್ಲ.

ಕಾದಂಬರಿಯ ಕೊನೆಯಲ್ಲಿ ನಾಯಕ ಪೌಲ್ ಸ್ಪೈಸನ್ನೇ ನಾಶಮಾಡುತ್ತೇನೆ ಎಂದು ಬೆದರಿಕೆ ಹಾಕಿದಾಗ ಗಿಲ್ಡಿನವರು ಹೆಚ್ಚು ವಾದಿಸದೆ ಶರಣಾಗುತ್ತಾರೆ. ಅವರಿಗೆ ಮುಂದಿನದು ಕಾಣುತ್ತದಲ್ಲ, ಅವನು ಸುಳ್ಳು ಹೆದರಿಸುತ್ತಿಲ್ಲ ಎಂಬುದೂ ಕಂಡಿತು. ಹರ್ಬರ್ಟ್ ಇನ್ನೊಂದು ಚುಚ್ಚುಮಾತನ್ನೂ ಇಟ್ಟಿದ್ದಾನೆ. ಯಾವಾಗಲೂ ಸುರಕ್ಷಿತ ಹಾದಿಯನ್ನೇ ಆರಿಸಿ ಆರಿಸಿ ಗಿಲ್ಡ್ ನಿಂತ ನೀರಾಗಿದೆ, ಎಂದೋ ಅಧಿಕಾರವನ್ನು ನೇರವಾಗಿ ಕೈಗೆ ತೆಗೆದುಕೊಳ್ಳಬಹುದಿತ್ತು, ಅಪಾಯದ ಹಾದಿಗೆ ಹೆದರಿ ಬಿಟ್ಟುಕೊಟ್ಟಿದೆ. ಮೊದಲ ಪುಸ್ತಕದಲ್ಲಿ ಈ ನಾವಿಕರು ಹೆಚ್ಚು ಕಾಣಿಸಿಕೊಳ್ಳುವುದಿಲ್ಲ. 1969ರ ಎರಡನೆಯ ಪುಸ್ತಕದಲ್ಲಿ ಎಡ್ರಿಕ್ ಎಂಬವನು ಸ್ಪೈಸ್ ಅನಿಲ ತುಂಬಿದ ತೊಟ್ಟಿಯಲ್ಲಿ ತೇಲುತ್ತಾ ಬರುತ್ತಾನೆ, ಅಷ್ಟು ಹೊತ್ತಿಗೆ ಅವನು ಪೂರ್ತಿ ಮನುಷ್ಯನಾಗಿ ಉಳಿದಿಲ್ಲ.

ಮನುಷ್ಯನನ್ನೇ ಉಪಕರಣ ಮಾಡಿಕೊಳ್ಳುವ ಈ ದಾರಿಯಲ್ಲಿ ಆಮೇಲೆ ಬಹಳ ಜನ ನಡೆದರು. ಲ್ಯಾರಿ ನಿವೆನ್‌ನ ನೌಕೆಗಳಲ್ಲಿ ಸುತ್ತಲಿನ ನಕ್ಷತ್ರಗಳನ್ನು ಗೆರೆಗಳಾಗಿ ತೋರಿಸುವ ಗಾಜಿನ ಗೋಳವೊಂದಿದೆ. ಅದು ಮನಸ್ಸಿನ ಬಲದಿಂದ ಕೆಲಸ ಮಾಡುವುದರಿಂದ ಯಂತ್ರಕ್ಕೆ ಓದಲು ಬರುವುದಿಲ್ಲ, ಯಾರಾದರೊಬ್ಬರು ಆಗಾಗ ಬಂದು ನೋಡಲೇಬೇಕು. ಗುರುತ್ವದ ಹೊಂಡಕ್ಕೆ ಬಿದ್ದ ನೌಕೆ ಮರಳುವುದಿಲ್ಲ. ‘ವಾರ್‌ಹ್ಯಾಮರ್ 40,000’ ಆಟದ ಲೋಕದಲ್ಲಿ ಹಣೆಯ ಮೇಲೆ ಮೂರನೇ ಕಣ್ಣಿರುವ ನಾವಿಕರು ಭೂಮಿಯಿಂದ ಹೊಮ್ಮುವ ಮಾನಸಿಕ ದೀಪಸ್ತಂಭವೊಂದನ್ನು ನೋಡಿಕೊಂಡು ನೌಕೆ ನಡೆಸುತ್ತಾರೆ. ನನ್ನನ್ನು ಹೆಚ್ಚು ಕಾಡಿದ್ದು ಟಿಮೊಥಿ ಜಾನ್ ಇತ್ತೀಚಿನ ಪುಸ್ತಕಗಳಲ್ಲಿ ಚಿತ್ರಿಸಿದ ಚಿಸ್ ಜನಾಂಗ. ನಕ್ಷೆಯಿಲ್ಲದ ಅವರ ಸೀಮೆಯಲ್ಲಿ ದೂರ ಪ್ರಯಾಣಕ್ಕೆ ದಾರಿ ತೋರಿಸುವವರು ಚಿಕ್ಕ ಮಕ್ಕಳು, ಹೆಚ್ಚಿನವರು ಹೆಣ್ಣುಮಕ್ಕಳು. ಎದುರಿನ ಅಡ್ಡಿ ಅವರಿಗೆ ಕ್ಷಣ ಮುಂಚೆಯೇ ತಿಳಿಯುತ್ತದೆ, ಹದಿಹರೆಯಕ್ಕೆ ಬರುತ್ತಿದ್ದಂತೆ ಆ ಶಕ್ತಿ ಹೋಗುತ್ತದೆ. ಒಂದು ಯುದ್ಧಪಡೆ ಏಳೆಂಟು ವರ್ಷದ ಮಕ್ಕಳ ಆಧಾರದ ಮೇಲೆ ನಿಂತಿದೆ ಎಂಬುದು ಅವರ ದೊಡ್ಡ ರಾಜ್ಯರಹಸ್ಯ. ಆ ಮಕ್ಕಳ ಬಾಲ್ಯ ಏನಾಯಿತು ಎಂದು ಕಥೆ ಕೇಳದೆ ಬಿಡುವುದಿಲ್ಲ.

ನಾವಿಕನನ್ನು ಬಿಟ್ಟು ದಾರಿಯನ್ನೇ ಬಿಗಿಮಾಡಿದವರೂ ಇದ್ದಾರೆ. ನಿವೆನ್ ಮತ್ತು ಜೆರ್ರಿ ಪೂರ್ನೆಲ್ ಸೇರಿ 1974ರಲ್ಲಿ ಬರೆದ ‘ದಿ ಮೋಟ್ ಇನ್ ಗಾಡ್ಸ್ ಐ’ ಇದರಲ್ಲಿ ಮೇಲುಗೈ. ಅಲ್ಲಿ ಎಲ್ಲೆಂದರಲ್ಲಿ ಜಿಗಿಯಲಾಗದು. ನಕ್ಷತ್ರಗಳ ನಡುವೆ ಪ್ರಕೃತಿಯೇ ಹಾಕಿದ ಗೆರೆಗಳಿವೆ, ಗೆರೆಯ ತುದಿಯ ಬಿಂದುವಿಗೆ ಮಾಮೂಲಿ ಇಂಧನ ಸುಟ್ಟು ತಲುಪಬೇಕು, ಅಲ್ಲಿಂದ ಆ ಕಡೆಯ ತುದಿಗೆ ಕ್ಷಣದಲ್ಲಿ ಹೋಗಬಹುದು. ಆ ಬಿಂದುಗಳಿಗೆ ಆಲ್ಡರ್ಸನ್ ಎಂಬವನ ಹೆಸರಿದೆ. ಡ್ಯಾನ್ ಆಲ್ಡರ್ಸನ್ ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ನಿಜವಾದ ನೌಕೆಗಳ ಪಥ ಲೆಕ್ಕಹಾಕುವ ಸಾಫ್ಟ್‌ವೇರ್ ಬರೆಯುತ್ತಿದ್ದವನು, ಗೆಳೆಯರಿಗಾಗಿ ಈ ಕಾಲ್ಪನಿಕ ನಿಯಮಗಳನ್ನೂ ಕೂರಿಸಿಕೊಟ್ಟ. ಕಸುಬುದಾರನ ಕೈ ಅದರಲ್ಲಿ ಕಾಣುತ್ತದೆ. ಜಿಗಿದ ಕೂಡಲೇ ಮನುಷ್ಯರಿಗೂ ಕಂಪ್ಯೂಟರಿಗೂ ಒಂದಷ್ಟು ಹೊತ್ತು ತಲೆ ಕೆಟ್ಟಿರುತ್ತದೆ, ಆದ್ದರಿಂದ ಆಚೆ ತುದಿಯಲ್ಲಿ ಕಾದು ಕುಳಿತವನಿಗೆ ಅನುಕೂಲ. ಯುದ್ಧತಂತ್ರ, ಕಾವಲು, ಸುಂಕದ ಕಟ್ಟೆ ಎಲ್ಲ ಇಷ್ಟರಿಂದಲೇ ಹುಟ್ಟುತ್ತವೆ.

ಆ ಕಾದಂಬರಿಯ ಜೀವಾಳ ಒಂದು ಭಯಂಕರ ಭೂಗೋಳ. ಮೋಟಿಗಳೆಂಬ ಅತಿಬುದ್ಧಿವಂತ ಜೀವಿಗಳ ಸೌರವ್ಯೂಹದಿಂದ ಹೊರಡುವ ಗೆರೆ ಒಂದೇ ಒಂದು. ಅದು ತೆರೆದುಕೊಳ್ಳುವುದು ಕೆಂಪು ದೈತ್ಯ ನಕ್ಷತ್ರವೊಂದರ ಒಡಲಿನೊಳಗೆ. ಜಿಗಿತದ ಯಂತ್ರವನ್ನು ಅವರು ಮತ್ತೆ ಮತ್ತೆ ಕಂಡುಹಿಡಿದಿದ್ದಾರೆ, ಕಳಿಸಿದ ನೌಕೆಗಳು ಒಂದೂ ತಿರುಗಿ ಬಂದಿಲ್ಲ. ಯಾಕೆಂದು ಅವರಿಗೆ ತಿಳಿಯುವ ದಾರಿಯೂ ಇಲ್ಲ, ಎಲ್ಲವೂ ಆಚೆ ತುದಿಯಲ್ಲಿ ಸುಟ್ಟುಹೋದವು. ಮನುಷ್ಯರ ಹತ್ತಿರ ಶಾಖ ತಡೆಯುವ ಕವಚ ಇರುವುದರಿಂದ ಅವರು ದಾಟಬಲ್ಲರು. ಸೋಲೋ ಬಾಯಿಮಾತಿಗೆ ಹೇಳಿ ಬಿಟ್ಟ ಅಪಾಯವನ್ನೇ ಹಿಡಿದು ಇವರಿಬ್ಬರು ಒಂದು ಜನಾಂಗದ ಸೆರೆಮನೆ ಕಟ್ಟಿದರು, ಅದೂ ಆ ಚಿತ್ರಕ್ಕಿಂತ ಮೂರು ವರ್ಷ ಮುಂಚೆ.

ಟಿವಿ ಧಾರಾವಾಹಿ ‘ಬ್ಯಾಬಿಲಾನ್ 5’ರ ಹೈಪರ್‌ಸ್ಪೇಸ್ ಕೆಂಪು ಮೋಡ ಕವಿದ ಜಾಗ, ಗುರುತಿಗೆ ಒಂದು ಚುಕ್ಕೆಯೂ ಇಲ್ಲ. ಒಳಹೊಕ್ಕು ಹೊರಬರುವ ಹೆಬ್ಬಾಗಿಲುಗಳಿಂದ ಬರುವ ಸಂಕೇತ ಹಿಡಿದು ಸಾಗಬೇಕು, ತಪ್ಪಿತೆಂದರೆ ನೌಕೆ ತೇಲಿಹೋಗುತ್ತದೆ. 1994ರ ಕಂತೊಂದರಲ್ಲಿ ಹಾಗೆ ಕಳೆದುಹೋದ ದೊಡ್ಡ ನೌಕೆಯೊಂದನ್ನು ತರಲು ಪುಟ್ಟ ಕಾಳಗದ ವಿಮಾನಗಳು ಬಾಗಿಲಿನಿಂದ ಸಾಲಾಗಿ, ಒಂದಕ್ಕೊಂದು ಕಾಣುವಷ್ಟು ಅಂತರದಲ್ಲಿ ನಿಲ್ಲುತ್ತವೆ. ಇಂಥ ದಾರಿಗಳ ಮೇಲೇ ಬದುಕು ನಿಂತರೆ ಏನಾದೀತು ಎಂಬುದು ಚಾರ್ಲ್ಸ್ ಸೋಲ್ 2021ರಲ್ಲಿ ಬರೆದ ‘ಲೈಟ್ ಆಫ್ ದಿ ಜೆಡೈ’ ಕಾದಂಬರಿಯಲ್ಲಿದೆ. ಸರಕು, ವಲಸಿಗರನ್ನು ಹೊತ್ತ ನೌಕೆಯೊಂದು ಹೈಪರ್‌ಸ್ಪೇಸಿನೊಳಗೇ ಛಿದ್ರವಾಗುತ್ತದೆ. ಚೂರುಗಳು ಎಲ್ಲೆಲ್ಲೋ ಬೆಳಕಿನ ಸನಿಹದ ವೇಗದಲ್ಲಿ ಹೊರಬಿದ್ದು ಗ್ರಹಗಳ ಮೇಲೆ ಎರಗುತ್ತವೆ. ಸರ್ಕಾರ ಆ ಸೀಮೆಯ ಹಾದಿಗಳನ್ನೆಲ್ಲ ಮುಚ್ಚುತ್ತದೆ, ಹೊರವಲಯದ ಗ್ರಹಗಳಿಗೆ ಸರಕಿನ ತಾಪತ್ರಯ ಶುರುವಾಗುತ್ತದೆ.

ಇದೆಲ್ಲ ಕಟ್ಟುಕಥೆ, ಭೌತಶಾಸ್ತ್ರ ಏನು ಹೇಳುತ್ತದೆ ಎಂದು ಕೇಳಿದರೆ ಒಂದು ಸೊಗಸಾದ ಕಾಕತಾಳೀಯ ಎದುರಾಗುತ್ತದೆ. ಮೆಕ್ಸಿಕೋದ ಭೌತವಿಜ್ಞಾನಿ ಮಿಗೆಲ್ ಅಲ್ಕುಬಿಯೆರ್ 1994ರಲ್ಲಿ ಐನ್‌ಸ್ಟೈನ್ ಸಮೀಕರಣಗಳ ಚೌಕಟ್ಟಿನಲ್ಲೇ ಒಂದು ಸಾಧ್ಯತೆ ತೋರಿಸಿದರು. ನೌಕೆಯ ಮುಂದಿನ ಅವಕಾಶವನ್ನು ಕುಗ್ಗಿಸಿ ಹಿಂದಿನದನ್ನು ಹಿಗ್ಗಿಸಿದರೆ, ನಡುವಿನ ಗುಳ್ಳೆಯೊಳಗೆ ನಿಶ್ಚಲವಾಗಿ ಕುಳಿತ ನೌಕೆ ಬೆಳಕನ್ನು ಮೀರಿ ಸಾಗಬಲ್ಲದು. ಇದಕ್ಕೆ ಋಣಾತ್ಮಕ ಶಕ್ತಿ ಬೇಕು, ಅದನ್ನು ಆ ಪ್ರಮಾಣದಲ್ಲಿ ತರುವ ದಾರಿ ಯಾರ ಬಳಿಯೂ ಇಲ್ಲ. ಪತ್ರಿಕೆಗಳು ಬರೆಯುವುದೆಲ್ಲ ಈ ಶಕ್ತಿಯ ಬಗ್ಗೆ. ನಾವಿಕನಿಗೆ ಅದಕ್ಕಿಂತ ಹತ್ತಿರದ ತೊಂದರೆಯನ್ನು ರಷ್ಯಾದ ಸೆರ್ಗೇ ಕ್ರಾಸ್ನಿಕೋವ್ ಎತ್ತಿದರು. ಗುಳ್ಳೆ ಬೆಳಕಿಗಿಂತ ವೇಗವಾಗಿ ಓಡುತ್ತಿದ್ದರೆ ನೌಕೆಯಿಂದ ಹೊರಟ ಯಾವ ಸಂಕೇತವೂ ಗುಳ್ಳೆಯ ಮುಂದಿನ ಅಂಚನ್ನು ತಲುಪುವುದಿಲ್ಲ. ಅಂದರೆ ಒಳಗಿದ್ದವರಿಗೆ ಅದನ್ನು ತಿರುಗಿಸಲೂ ಆಗದು, ನಿಲ್ಲಿಸಲೂ ಆಗದು. ಅಸಿಮೋವ್‌ನ ಚುಕ್ಕಾಣಿಯಿಲ್ಲದ ನೌಕೆ ಇದೇ ಅಲ್ಲವೇ! ಪರಿಹಾರವಾಗಿ ಕ್ರಾಸ್ನಿಕೋವ್ ಸೂಚಿಸಿದ್ದು ಮೊದಲು ಬೆಳಕಿಗಿಂತ ಕಡಿಮೆ ವೇಗದಲ್ಲೇ ಹೋಗುತ್ತಾ, ಹಿಂದೆ ಮಾರ್ಪಟ್ಟ ಅವಕಾಶದ ಕೊಳವೆಯೊಂದನ್ನು ಬಿಟ್ಟುಹೋಗುವುದನ್ನು. ಬೇಗ ಬರುವುದು ಮರಳುವಾಗ, ಹಾಕಿಟ್ಟ ಆ ದಾರಿಯೊಳಗೆ. ಸಮೀಕರಣ ಬರೆದವರೂ ಕಥೆಗಾರರಂತೆ ಕೊನೆಗೆ ರಸ್ತೆ ಹಾಕುವ ಕೆಲಸಕ್ಕೇ ಬಂದು ನಿಂತರು. ಬೆಳಕನ್ನು ಮೀರುವ ಯಾವುದೇ ಉಪಾಯ ಹಿಂದಿನ ಕಾಲಕ್ಕೆ ಹೋಗುವ ಬಾಗಿಲನ್ನೂ ತೆರೆಯುತ್ತದೆ ಎಂಬ ತಕರಾರು ಸಾಪೇಕ್ಷತಾ ಸಿದ್ಧಾಂತದ್ದು. ಅದನ್ನು ಬಹುಪಾಲು ಲೇಖಕರು ಕಂಡೂ ಕಾಣದಂತೆ ದಾಟುತ್ತಾರೆ, ನಾನೂ ಇಲ್ಲಿ ದಾಟುತ್ತೇನೆ.

ಹೈಪರ್‌ಸ್ಪೇಸ್ ಇಲ್ಲದಿದ್ದರೂ ಅದಕ್ಕೆ ಬೇಕಾದ ದಾರಿಲೆಕ್ಕದ ಚೂರುಗಳು ನಮ್ಮ ಕೈಗೆ ಒಂದೊಂದಾಗಿ ಬರುತ್ತಿವೆ. 1968ರ ಡಿಸೆಂಬರಿನಲ್ಲಿ ಅಪೊಲೊ-8 ಚಂದ್ರನಿಂದ ಮರಳುವಾಗ ಜಿಮ್ ಲೋವೆಲ್ ಒಂದು ಸಂಖ್ಯೆ ತಪ್ಪಾಗಿ ಒತ್ತಿ, ನೌಕೆ ಇನ್ನೂ ಉಡಾವಣಾ ಕಟ್ಟೆಯ ಮೇಲಿದೆ ಎಂದು ಕಂಪ್ಯೂಟರ್ ತಿಳಿಯುವಂತಾಯಿತು. ಅವರು ರೈಜಲ್, ಸಿರಿಯಸ್ ನಕ್ಷತ್ರಗಳನ್ನು ನೋಡಿ ನೌಕೆ ಯಾವ ಕಡೆ ಮುಖ ಮಾಡಿದೆ ಎಂಬುದನ್ನು ಮತ್ತೆ ಕೈಯಾರೆ ಕೂಡಿಸಿಕೊಟ್ಟರು. 2013ರ ಕೊನೆಯಲ್ಲಿ ಹಾರಿದ ಯುರೋಪಿನ ಗಾಯಾ ದೂರದರ್ಶಕ 2025ರ ಜನವರಿಯವರೆಗೆ ಸುಮಾರು 180 ಕೋಟಿ ನಕ್ಷತ್ರಗಳ ನೆಲೆ, ಚಲನೆ ಅಳೆಯಿತು. ಸೋಲೋನ ಕಂಪ್ಯೂಟರಿಗೆ ಬೇಕಾದ ನಕ್ಷೆ ಇಂಥದ್ದೇ, ಆಕಾಶಗಂಗೆಯಲ್ಲಿ ಕಡಿಮೆಯೆಂದರೂ 10,000 ಕೋಟಿ ನಕ್ಷತ್ರಗಳಿವೆ ಎನ್ನುವುದನ್ನು ಮರೆಯದಿದ್ದರೆ ಆಯಿತು. 2020ರ ಏಪ್ರಿಲಿನಲ್ಲಿ ಪ್ಲೂಟೊ ದಾಟಿ ಸುಮಾರು 700 ಕೋಟಿ ಕಿಲೋಮೀಟರ್ ದೂರದಲ್ಲಿದ್ದ ನ್ಯೂ ಹೊರೈಜನ್ಸ್ ತೆಗೆದ ಚಿತ್ರಗಳಲ್ಲಿ ಪ್ರಾಕ್ಸಿಮಾ ಸೆಂಟಾರಿ ಮತ್ತು ವುಲ್ಫ್ 359 ನಾವು ಭೂಮಿಯಿಂದ ನೋಡುವ ಜಾಗದಲ್ಲಿರಲಿಲ್ಲ, ಪಕ್ಕಕ್ಕೆ ಸರಿದಿದ್ದವು. ಎಷ್ಟು ಸರಿದಿವೆ ಎಂಬುದನ್ನು ಹಿಡಿದು ನೌಕೆ ಎಲ್ಲಿದೆ ಎಂದು ಲೆಕ್ಕ ಹಾಕಬಹುದು.

ಪಲ್ಸರ್‌ಗಳದು ಇನ್ನೂ ಒಳ್ಳೆಯ ಆಸರೆ. ಗಿರಗಿರನೆ ಸುತ್ತುವ ಈ ಸತ್ತ ನಕ್ಷತ್ರಗಳ ಮಿಡಿತಗಳಲ್ಲಿ ಕೆಲವು ಅಣುಗಡಿಯಾರಕ್ಕೆ ಸಾಟಿ, ಒಂದೊಂದರ ಲಯವೂ ಬೇರೆ. ನಾಸಾ 2017ರ ನವೆಂಬರಿನಲ್ಲಿ ಬಾಹ್ಯಾಕಾಶ ನಿಲ್ದಾಣದಿಂದ ನಾಲ್ಕು ಪಲ್ಸರ್‌ಗಳ ಎಕ್ಸ್-ರೇ ಮಿಡಿತ ಹಿಡಿದು, ಭೂಮಿಯ ನೆರವಿಲ್ಲದೆ ನಿಲ್ದಾಣದ ನೆಲೆಯನ್ನು 16 ಕಿಲೋಮೀಟರ್ ಒಳಗಿನ ತಪ್ಪಿನಲ್ಲಿ ಗುರುತಿಸಿತು. ಅದಕ್ಕೂ ಮುಂಚೆ 1972ರ ಪಯೋನೀರ್-10 ನೌಕೆಯ ಫಲಕದಲ್ಲಿ ಸೂರ್ಯನ ವಿಳಾಸವನ್ನು 14 ಪಲ್ಸರ್‌ಗಳ ಲಯದಿಂದಲೇ ಬರೆದು ಕಳಿಸಿದ್ದರು.

ಆದರೆ ಸಾವಿರ ಜ್ಯೋತಿರ್ವರ್ಷ ಜಿಗಿದವನಿಗೆ ಇವೂ ಪೂರ್ತಿ ಒದಗುವುದಿಲ್ಲ. ಪಲ್ಸರಿನ ಕಿರಣ ಲಾಟೀನಿನ ಬೆಳಕಿನಂತೆ ಎಲ್ಲ ಕಡೆ ಹರಡದೆ ಒಂದು ಪಟ್ಟಿಯನ್ನಷ್ಟೇ ಗುಡಿಸುತ್ತದೆ, ಇಲ್ಲಿಗೆ ಬೀಳುವುದು ಅಲ್ಲಿಗೆ ಬೀಳದೇ ಹೋಗಬಹುದು. ಬಿದ್ದರೂ ಅದು ಬೇರೆ ಕಾಲದ ಮಿಡಿತ, ವಯಸ್ಸಾದಂತೆ ಪಲ್ಸರ್ ನಿಧಾನವಾಗುತ್ತದೆ. ಸೆಕೆಂಡಿಗೆ ಸುಮಾರು 30 ಸಲ ಮಿಡಿಯುವ ಕ್ರ್ಯಾಬ್ ಪಲ್ಸರನ್ನೇ ತೆಗೆದುಕೊಳ್ಳಿ. ಅದನ್ನು ಹುಟ್ಟಿಸಿದ ಸ್ಫೋಟ ಭೂಮಿಗೆ ಕಂಡದ್ದು 1054ರಲ್ಲಿ, ಚೀನಾದ ಆಕಾಶವೀಕ್ಷಕರು ಬರೆದಿಟ್ಟಿದ್ದಾರೆ. ಭೂಮಿಯಿಂದ ಅದಕ್ಕೆ ನೇರ ಎದುರು ದಿಕ್ಕಿನಲ್ಲಿ 1,000 ಜ್ಯೋತಿರ್ವರ್ಷ ಆಚೆ ಹೋದರೆ ಆ ಸ್ಫೋಟದ ಬೆಳಕು ಅಲ್ಲಿಗೆ ಮುಟ್ಟುವುದು 2054ಕ್ಕೆ. ಇವತ್ತು ಅಲ್ಲಿಗೆ ಜಿಗಿದು ಕ್ರ್ಯಾಬ್ ಪಲ್ಸರಿನ ಲಯ ಹುಡುಕುವ ನಾವಿಕನಿಗೆ ಆ ದಿಕ್ಕಿನಲ್ಲಿ ಪಲ್ಸರೂ ಇಲ್ಲ, ಸಿಡಿದ ನಕ್ಷತ್ರದ ಅವಶೇಷವೂ ಇಲ್ಲ, ಇನ್ನೂ ಸಿಡಿಯದ ನಕ್ಷತ್ರವೊಂದು ಉರಿಯುತ್ತಿರುತ್ತದೆ. ಅವನ ಕೋಷ್ಟಕದಲ್ಲಿ ಒಂದೊಂದು ಜಿಗಿತಕ್ಕೂ ಬೇರೆ ಇಸವಿಯ ಆಕಾಶ ಇರಬೇಕು, ಆ ಇಸವಿಯೂ ನೋಡುವ ದಿಕ್ಕಿಗೆ ತಕ್ಕಂತೆ ಬದಲಾಗುತ್ತಿರಬೇಕು.